ಐದು ಕಾಲಿನ ಆನೆ

ರಗಳೆಯೆಲ್ಲ ಶುರುವಾದದ್ದು ಮೆಟ್ಟಿಲ ಬಳಿಯ ಗೋಡೆಗೆ ಅಂಟಿಸಿದ್ದ ಒಂದು ಚೀಟಿಯಿಂದ. "ಎಲೆ ಉದುರುವ ಕಾಲ ಬಂದಿದೆ. ಎಂಟು ವರ್ಷದೊಳಗಿನ ಮಕ್ಕಳು ಒಣಗಿದ ಎಲೆ, ಕಡ್ಡಿ, ಬೀಜ, ಹಳೇ ರಟ್ಟುಗಳಿಂದ ಮನೆಯಲ್ಲೇ ಏನಾದರೂ ಮಾಡಿ ಇಂದು ಸಂಜೆ ಐದಕ್ಕೆ ಅಂಗಳಕ್ಕೆ ತರಬೇಕು. ಬಹುಮಾನವಿದೆ. ದೊಡ್ಡವರು ಕೈ ಹಾಕಬಾರದು."

ಆ ಕಟ್ಟಡದ ಇಪ್ಪತ್ತು ಮನೆಗಳಲ್ಲಿ ಕೊನೆಯ ವಾಕ್ಯವನ್ನು ಓದಿದವರು ಒಬ್ಬರೇ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಅವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು ಅವರ ಕೆಲಸ. ನೆರೆಹೊರೆಯವರು ಎದುರಿಗೆ 'ಸಾರ್' ಎನ್ನುತ್ತಿದ್ದರು. ಬೆನ್ನ ಹಿಂದೆ 'ತಕ್ಕಡಿ ಸಾಹೇಬರು'.

ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಲೇ ಹೇಳಿದಳು. "ರೀ, ಮಗು ಏನೋ ಮಾಡ್ಕೊಳ್ಳತ್ತೆ. ಸ್ವಲ್ಪ ನೋಡ್ಕೊಳ್ಳಿ. ಯಾರ ಹತ್ರಾನೂ ಜಗಳ ಕಾಯಬೇಡಿ."

"ನಾನ್ಯಾಕೆ ಜಗಳ ಕಾಯಲಿ?" ಎಂದರು ಸಾಹೇಬರು.

ಆಕೆ ಎರಡು ಮೆಟ್ಟಿಲು ಇಳಿದಿರಲಿಲ್ಲ, ಎದುರು ಮನೆಯಿಂದ ಗರಗಸದ ಸದ್ದು ಕೇಳಿಬಂತು. ಸಾಹೇಬರ ಕಿವಿ ನಾಯಿಯ ಕಿವಿಯಂತೆ ನೆಟ್ಟಗಾಯಿತು. ಹೋಗಿ ಬಾಗಿಲು ಬಡಿದರು. ಬಡಗಿ ತೆಗೆದ. ಮೀಸೆಯ ತುಂಬ ಮರದ ಹೊಟ್ಟು.

"ಏನಪ್ಪಾ ಇದು?"

"ಏನಿಲ್ಲ ಸಾರ್, ಮಗ ಕುದುರೆ ಮಾಡ್ತಿದಾನೆ. ನಾನು ಸುಮ್ನೆ ಗರಗಸ ಹಿಡ್ಕೊಂಡಿದೀನಿ ಅಷ್ಟೆ."

"ಮಗ ಎಲ್ಲಿ?"

"ಮಲಗಿದಾನೆ ಸಾರ್. ಏಳಿಸಲಾ?"

ಸಾಹೇಬರಿಗೆ ಮೈಯೆಲ್ಲ ಉರಿಯಿತು. ಕೆಳಗಿನ ಮನೆಯಲ್ಲಿ ಹೊಲಿಗೆ ಯಂತ್ರ ರೈಲಿನಂತೆ ಓಡುತ್ತಿತ್ತು. ಇಣುಕಿದರು. ಟೈಲರಮ್ಮ ಎಲೆಗಳಿಗೆ ಲೈನಿಂಗ್ ಕೊಟ್ಟು ಒಂದು ಗೊಂಬೆಗೆ ಫ್ರಾಕು ಹೊಲಿಯುತ್ತಿದ್ದಳು.

"ಬಣ್ಣ ಆರಿಸಿದ್ದೆಲ್ಲ ಮಗಳೇ ಸಾರ್," ಎಂದಳು ಆಕೆ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ.

"ಇದು ಮೋಸ! ನೂರು ಗ್ರಾಮಿಗೆ ಎಂಬತ್ತು ಗ್ರಾಮು ತೂಗಿದ ಹಾಗೆ!"

"ಹೋಗ್ಲಿ ಬಿಡಿ ಸಾರ್, ಮಕ್ಕಳಾಟ."

ಸಾಹೇಬರು ಧುಮುಗುಟ್ಟುತ್ತ ಮನೆಗೆ ಬಂದು, ನಡುಮನೆಯ ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕುಳಿತರು. "ಗುಬ್ಬಚ್ಚೀ, ಏನು ಮಾಡ್ಬೇಕೋ ನೀನೇ ಮಾಡು. ನಾನು ಮುಟ್ಟೋದಿಲ್ಲ. ಒಂದು ಕಡ್ಡಿ ಕೂಡ ಎತ್ತಿಕೊಡಲ್ಲ."

ಆರು ವರ್ಷದ ಮಗಳು ಹಳೆಯ ಬೂಟಿನ ಡಬ್ಬಿಯೊಂದನ್ನು ಎಳೆದು ತಂದು, ಅಂಗಳದಿಂದ ಆರಿಸಿದ್ದ ಎಲೆಗಳನ್ನು ನೆಲದ ಮೇಲೆ ಸುರಿದು, "ಆನೆ ಮಾಡ್ತೀನಿ" ಎಂದು ಘೋಷಿಸಿದಳು. ಮೊದಲ ಅಡ್ಡಿ ಗೋಂದಿನ ಶೀಸೆಯ ಮುಚ್ಚಳ.

"ಅಪ್ಪಾ, ಬಿಡಿಸಿಕೊಡು."

ಸಾಹೇಬರು ಯೋಚಿಸಿದರು. ಮುಚ್ಚಳ ತೆಗೆಯುವುದು ಸಹಾಯವೇ, ಅಲ್ಲವೇ? ಇಂದು ಮುಚ್ಚಳ, ನಾಳೆ ಸೊಂಡಿಲು. "ಆಗಲ್ಲಮ್ಮ. ರೂಲ್ಸ್ ಇದೆ."

ಮಗಳು ಹಲ್ಲಿನಿಂದ ಕಚ್ಚಿ ಎಳೆದಳು. ಮುಚ್ಚಳವೇನೋ ಬಂತು, ಜೊತೆಗೆ ಅರ್ಧ ಶೀಸೆ ಗೋಂದು ಚಿಮ್ಮಿ ಎಡಗಿವಿಯ ಮೇಲಿನ ಕೂದಲಲ್ಲಿ ಕುಳಿತುಕೊಂಡಿತು. ಅದರ ಮೇಲೆ ಒಂದು ಎಲೆ ಹಾರಿ ಬಂದು ಅಂಟಿತು. ತೊಳೆದರೂ ಹೋಗಲಿಲ್ಲ, ಎಣ್ಣೆ ಹಚ್ಚಿದರೂ ಬಿಡಲಿಲ್ಲ. ಕೊನೆಗೆ ಸಾಹೇಬರು ಕತ್ತರಿಯಿಂದ ಜುಟ್ಟನ್ನೇ ಕತ್ತರಿಸಿದರು. ಕೂದಲು ಕತ್ತರಿಸುವುದು ಸ್ಪರ್ಧೆಗೆ ಸಂಬಂಧಿಸಿದ್ದಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಮಗಳು ಅತ್ತಳು. ಆಮೇಲೆ ಆ ಜುಟ್ಟನ್ನೇ ಆನೆಗೆ ಬಾಲವಾಗಿ ಅಂಟಿಸಿದಳು.

ಮಧ್ಯಾಹ್ನದ ಹೊತ್ತಿಗೆ ಆನೆ ಒಂದು ರೂಪಕ್ಕೆ ಬಂತು. ಯಾವ ರೂಪ ಎಂದು ಹೇಳುವುದು ಕಷ್ಟ. ನೆನೆದ ದಿಂಬಿಗೆ ಸೊಂಡಿಲು ಬಂದಂತಿತ್ತು. ಕಣ್ಣೆರಡೂ ಒಂದೇ ಪಕ್ಕದಲ್ಲಿದ್ದವು.

"ಆ ಕಡೆ ಕಣ್ಣಿಲ್ವಲ್ಲಮ್ಮ?"

"ಆ ಕಡೆ ಗೋಡೆ ಇದೆಯಲ್ಲಪ್ಪ. ಏನು ನೋಡತ್ತೆ?"

"ಕಾಲು ಐದಿದೆ?"

"ಒಂದು ಸ್ಪೇರ್. ಬಿದ್ದೋದ್ರೆ?"

ಸಾಹೇಬರಿಗೆ ಇದ್ದಕ್ಕಿದ್ದಂತೆ ಆ ಆನೆಯ ಮೇಲೆ ಅಭಿಮಾನ ಉಕ್ಕಿತು. ಇಡೀ ಕಟ್ಟಡದಲ್ಲಿ ಮಗುವೇ ಮಾಡಿದ ವಸ್ತು ಇದೊಂದೇ! ಅಷ್ಟರಲ್ಲಿ ಬಡಗಿ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಸುತ್ತಿಗೆ.

"ಸಾರ್, ಕಾಲು ಅಲ್ಲಾಡ್ತಿದೆ. ಪಾಪ, ಒಂದೇ ಒಂದು ಮೊಳೆ ಹೊಡೀತೀನಿ."

"ಮುಟ್ಟಿದ್ರೆ ನೋಡು!" ಸಾಹೇಬರು ಎರಡೂ ಕೈ ಚಾಚಿ ಫುಟ್‌ಬಾಲಿನ ಗೋಲ್‌ಕೀಪರನಂತೆ ಅಡ್ಡ ನಿಂತರು. ಬಡಗಿಯನ್ನು ಸಾಗಹಾಕುವಷ್ಟರಲ್ಲಿ ಟೈಲರಮ್ಮ ಸೂಜಿ ದಾರದೊಂದಿಗೆ ಹಾಜರಾದಳು: "ಕಿವಿಗೆ ಎರಡು ಹೊಲಿಗೆ ಹಾಕ್ಲಾ ಸಾರ್?" ಅವಳನ್ನೂ ಓಡಿಸಿ ಚಿಲಕ ಹಾಕಿಕೊಂಡರು.

ನಾಲ್ಕಕ್ಕೆ ಬಂದ ಹೆಂಡತಿ ಮೊದಲು ಕಂಡದ್ದು ಮಗಳ ತಲೆ.

"ಇದೇನ್ರೀ! ಅರ್ಧ ತಲೆ ಬೋಳಿಸಿದೀರಾ?"

"ಬೋಳಿಸಿಲ್ಲ, ಗೋಂದು..."

"ಒಂದು ಮುಚ್ಚಳ ತೆಗೆದುಕೊಡೋಕೆ ಆಗ್ಲಿಲ್ವಾ ನಿಮ್ಗೆ?"

"ರೂಲ್ಸ್ ಇದೆ ಕಣೇ!"

ಹೆಂಡತಿ ಗೋಂದಿನ ಶೀಸೆ ಎತ್ತಿಕೊಂಡು, ಮುಚ್ಚಳವನ್ನು ಎರಡೇ ಬೆರಳಲ್ಲಿ ಹಾಕಿ, ತೆಗೆದು, ಅವರ ಮುಂದಿಟ್ಟಳು. ಬೈದದ್ದಕ್ಕಿಂತ ಅದೇ ಹೆಚ್ಚು ಭಯಂಕರವಾಗಿತ್ತು.

ಐದಕ್ಕೆ ಎಲ್ಲರೂ ಅಂಗಳಕ್ಕೆ ಇಳಿದರು. ಆನೆಯನ್ನು ಹೊರುವುದೂ ಸಹಾಯವೇ ಎಂಬುದು ಸಾಹೇಬರ ನಿಲುವಾಗಿದ್ದರಿಂದ ಮಗಳೇ ಅದನ್ನು ಅಪ್ಪಿಕೊಂಡು ಮೆಟ್ಟಿಲಿಳಿದಳು. ಕೊನೆಯ ತಿರುವಿನಲ್ಲಿ ಅವಳು ಎಡವಿದಳು, ಆನೆ ಗಾಳಿಗೆ ಹಾರಿತು. ಸಾಹೇಬರ ಕೈ ಅವರ ಮಾತು ಕೇಳದೆ ತಾನೇ ಮುಂದೆ ಹೋಗಿ ಅದನ್ನು ಹಿಡಿದುಬಿಟ್ಟಿತು. ಗೋಂದಿನ್ನೂ ಹಸಿ. ಆನೆಯನ್ನು ವಾಪಸು ಕೊಟ್ಟಾಗ ಅಂಗೈಯಲ್ಲಿ ಮೂರು ಎಲೆ ಉಳಿದವು, ಕೆರೆದರೂ ಬಿಡಲಿಲ್ಲ.

ಅಂಗಳದ ಮೇಜಿನ ಮೇಲೆ ಚಕ್ರವಿದ್ದ ಕುದುರೆ ವಾರ್ನಿಷಿನಲ್ಲಿ ಹೊಳೆಯುತ್ತಿತ್ತು. ಫ್ರಾಕಿನ ಗೊಂಬೆ ಅಂಗಡಿಯಿಂದ ಬಂದಂತಿತ್ತು. ಗಾಳಿಗಿರಣಿ, ಹಡಗು, ಎರಡಂತಸ್ತಿನ ಮನೆ... ಅವುಗಳ ನಡುವೆ ಆನೆ ಒಂದು ಪಕ್ಕಕ್ಕೆ ಒರಗಿ ನಿಂತಿತ್ತು, ಸ್ಪೇರ್ ಕಾಲಿನ ಮೇಲೆ. ಯಾರೋ ಕಿಸಕ್ಕನೆ ನಕ್ಕರು. ಗುಬ್ಬಚ್ಚಿ ಅಮ್ಮನ ಸೆರಗಿನ ಹಿಂದೆ ಸರಿದಳು.

ತೀರ್ಪುಗಾರರು ಚಿತ್ರಕಲಾ ಶಾಲೆಯೊಂದರ ನಿವೃತ್ತ ಪ್ರಿನ್ಸಿಪಾಲರು, ದಪ್ಪ ಕನ್ನಡಕದ ಹೆಂಗಸು. ಕುದುರೆಯ ಮುಂದೆ "ಭೇಷ್" ಎಂದರು. ಗೊಂಬೆಯ ಮುಂದೆ "ಎಂಥ ಚುರುಕು ಬೆರಳು!" ಎಂದರು. ಆನೆಯ ಮುಂದೆ ಮಾತ್ರ ಐದು ನಿಮಿಷ ನಿಂತರು.

"ಇದು ಯಾರದು?"

"ನಮ್ಮ ಮಗಳದು!" ಸಾಹೇಬರು ಎದೆಯುಬ್ಬಿಸಿ ಮುಂದೆ ಬಂದರು.

"ಸುಳ್ಳು ಹೇಳಬೇಡಿ. ಇದು ದೊಡ್ಡವರ ಕೆಲಸ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀನಿ. ಐದನೇ ಕಾಲು, ಒಂದೇ ಕಡೆ ಕಣ್ಣು, ನಿಜವಾದ ಕೂದಲಿನ ಬಾಲ... ಇಂಥ ಐಡಿಯಾ ಮಕ್ಕಳಿಗೆ ಬರಲ್ಲ. ಮಕ್ಕಳ ಕೈ ಹೇಗಿರತ್ತೆ ಅಂತ ಚೆನ್ನಾಗಿ ಬಲ್ಲವರು ಯಾರೋ ಬೇಕೂಂತ ಹೀಗೆ ಮಾಡಿದಾರೆ."

"ಏನ್ರೀ ಅನ್ಯಾಯ!" ಸಾಹೇಬರ ಧ್ವನಿ ಮೂರನೇ ಮಹಡಿ ಮುಟ್ಟಿತು. "ಆ ಕುದುರೆ ಮಾಡಿದವನು ಮಧ್ಯಾಹ್ನದವರೆಗೆ ಮಲಗಿದ್ದ! ಆ ಫ್ರಾಕಿಗೆ ಲೈನಿಂಗ್ ಇದೆ! ನಾನು ಮುಚ್ಚಳ ಕೂಡ ತೆಗೆದಿಲ್ಲ!"

"ಎಲ್ಲಿ, ನಿಮ್ಮ ಕೈ ತೋರಿಸಿ."

ಸಾಹೇಬರು ಕೈ ತೋರಿಸಿದರು. ಮೂರು ಎಲೆ. ಬಡಗಿಯೂ ಟೈಲರಮ್ಮನೂ ಕೇಳದೆಯೇ ತಮ್ಮ ಕೈ ಮುಂದೆ ಚಾಚಿದರು. ಸೋಪು ಹಾಕಿ ತೊಳೆದ ಕೈಗಳು, ಕನ್ನಡಿಯಂತೆ ಹೊಳೆಯುತ್ತಿದ್ದವು.

ಪ್ರಿನ್ಸಿಪಾಲರು ಬಗ್ಗಿ ಮಗಳನ್ನೇ ಕೇಳಿದರು. "ನೀನೇ ಹೇಳು ಪುಟ್ಟಾ. ಹೆದರಬೇಡ. ಯಾರು ಮಾಡಿದ್ದು?"

ಗುಬ್ಬಚ್ಚಿ ಕುದುರೆಯನ್ನು ನೋಡಿದಳು, ಬಡಗಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಅಪ್ಪ," ಎಂದಳು.

ಅಂಗಳದಲ್ಲಿ "ಛೆ ಛೆ" ಎಂಬ ಶಬ್ದ ಹರಡಿತು. ಎಲ್ಲರಿಗಿಂತ ಜೋರಾಗಿ ಹೇಳಿದವನು ಬಡಗಿ. ಆನೆಯನ್ನು ಸ್ಪರ್ಧೆಯಿಂದ ತೆಗೆದುಹಾಕಲಾಯಿತು. ಕುದುರೆಗೆ ಮೊದಲ ಬಹುಮಾನ, ಗೊಂಬೆಗೆ ಎರಡನೆಯದು. ಸಾಹೇಬರು ಕೋಪದಿಂದ ಹೊರಡಲು ತಿರುಗಿದಾಗ ಪ್ರಿನ್ಸಿಪಾಲರು ಕೂಗಿದರು.

"ನಿಲ್ಲಿ. ತಪ್ಪು ತಪ್ಪೇ. ಆದರೆ ಕಲೆ ಕಲೆಯೇ. ದೊಡ್ಡವರಿಗೆ ಮಗುವಿನ ಕೈ ಮತ್ತೆ ಬರೋದು ತುಂಬ ಅಪರೂಪ. ಇವರಿಗೆ ವಿಶೇಷ ಬಹುಮಾನ ಕೊಡ್ತಾ ಇದೀನಿ. ಇನ್ಮೇಲೆ ಪ್ರತಿ ಭಾನುವಾರ ಇಲ್ಲಿನ ತಂದೆತಾಯಿಗಳಿಗೆ ಇವರೇ ತರಗತಿ ನಡೆಸಿಕೊಡಲಿ."

"ನನಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ ಮೇಡಂ!"

"ನೋಡಿ, ಎಂಥ ವಿನಯ!" ಎಂದರು ಪ್ರಿನ್ಸಿಪಾಲರು. ಚಪ್ಪಾಳೆ ಬಿತ್ತು.

ಪ್ರಶಸ್ತಿ ಪತ್ರವನ್ನು ಮಡಚಿ ಹಿಡಿದು ಮೆಟ್ಟಿಲೇರುತ್ತಿದ್ದ ಸಾಹೇಬರು ಎರಡನೇ ಮಹಡಿಯಲ್ಲಿ ನಿಂತುಬಿಟ್ಟರು. "ಅಲ್ಲ ಕಣೇ, ಬೆಳಗಿನಿಂದ ನೀನೇ ಮಾಡಿದ್ದು! ಅಷ್ಟು ಜನರ ಎದುರಿಗೆ ಯಾಕೆ ಸುಳ್ಳು ಹೇಳಿದೆ?"

ಗುಬ್ಬಚ್ಚಿ ಅವರ ಬೆರಳು ಹಿಡಿದುಕೊಂಡಳು. "ಎಲ್ಲರ ಅಪ್ಪಂದಿರೂ ಏನಾದರೊಂದು ಮಾಡಿದ್ರು. ನೀನೊಬ್ಬನೇ ಏನೂ ಮಾಡಿರಲಿಲ್ಲ. ಪಾಪ ಅನ್ನಿಸ್ತು. ಅದಕ್ಕೆ ನನ್ನ ಆನೆ ನಿನಗೆ ಕೊಟ್ಟೆ."

ಸಾಹೇಬರು ಪ್ರಶಸ್ತಿ ಪತ್ರವನ್ನು ಬಿಡಿಸಿ ಸುಕ್ಕು ಸವರಿ, ಜೋಪಾನವಾಗಿ ಮತ್ತೆ ಮಡಚಿ ಜೇಬಿಗೆ ಇಟ್ಟುಕೊಂಡರು. ಹೆಂಡತಿ ಮುಖ ತಿರುಗಿಸಿಕೊಂಡು ನಗು ತಡೆಯುತ್ತಿದ್ದಳು.

ಕೆಳಗಿನಿಂದ ಬಡಗಿಯ ಕೂಗು ಕೇಳಿಸಿತು. "ಸಾರ್! ಭಾನುವಾರ ಎಷ್ಟು ಗಂಟೆಗೆ ಬರಲಿ? ಗೋಂದು ನೀವೇ ಕೊಡ್ತೀರಾ, ನಾವೇ ತರಬೇಕಾ?"