ಕುಬೇರಪ್ಪ ಮಾಸ್ತರರು ಹಾಜರಾದದ್ದು

ಸಂಶಿ ಬಿಟ್ಟು ಎರಡು ಮೈಲಿ ಆಗಿರಲಿಲ್ಲ, ಕುಬೇರಪ್ಪ ಮಾಸ್ತರರ ಫಟಫಟಿ ಎರಡು ಸಲ ಕೆಮ್ಮಿ, ಒಮ್ಮೆ ಬಿಕ್ಕಿ, ನಡುದಾರಿಯಲ್ಲಿ ನಿಂತುಬಿಟ್ಟಿತು.

ನಿಲ್ಲಬಾರದ ದಿನವೇ ನಿಂತಿತ್ತು. ಏಳು ವರ್ಷ ಕಲಘಟಗಿ ಕಡೆಯ ಕಾಡಂಚಿನ ಶಾಲೆಯಲ್ಲಿ ಒಬ್ಬರೇ ರೊಟ್ಟಿ ಬಡಿದುಕೊಂಡು ತಿಂದಿದ್ದ ಮಾಸ್ತರರಿಗೆ, ಎಂಬತ್ತೈದನೆಯ ಇಸವಿಯ ಆ ಜೂನ್‌ನಲ್ಲಿ ಅಣ್ಣಿಗೇರಿ ಹತ್ತಿರದ ಹಳ್ಳಿಯೊಂದಕ್ಕೆ ವರ್ಗವಾಗಿತ್ತು. ಇವತ್ತು ಸಂಜೆ ಐದರೊಳಗೆ ಹೊಸ ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಬೀಳಬೇಕು. ಬೀಳದಿದ್ದರೆ ಆದೇಶ ರದ್ದು; ಮತ್ತೆ ಕಾಡು, ಮತ್ತೆ ಸೀದ ರೊಟ್ಟಿ.

"ಬಸ್ಸಿಗೆ ಹೋಗ್ರಿ," ಅಂದಿದ್ದಳು ಸಂಶಿಯ ಮನೆಯಲ್ಲಿ ಹೆಂಡತಿ ಸುಶೀಲವ್ವ. ಆದರೆ ಎಂಟು ದಿನದ ಹಿಂದಷ್ಟೇ ಕೊಂಡ ಫಟಫಟಿ ಮನೆ ಮುಂದಿರುವಾಗ ಬಸ್ಸಿನಿಂದ ಇಳಿಯುವ ಮಾಸ್ತರನಿಗೆ ಹೊಸ ಊರಲ್ಲಿ ಏನು ಕಿಮ್ಮತ್ತು? ಅದು ಮೂರು ಕೈ ದಾಟಿ ಬಂದ ಗಾಡಿ, ತಾವು ಅದನ್ನು ಮನೆಯಿಂದ ಊರಬಾಗಿಲ ಅಗಸಿಯವರೆಗೆ ಬಿಟ್ಟು ಮುಂದೆ ಓಡಿಸಿಲ್ಲ ಎಂಬುದನ್ನು ಅವರು ಆ ಗಳಿಗೆಯಲ್ಲಿ ಮರೆತಿದ್ದರು.

ಹದಿನೈದು ಕಿಕ್ ಹೊಡೆದು ಬೆವರಿಳಿಸುತ್ತಿದ್ದಾಗ ಹಿಟ್ಟಿನ ಗಿರಣಿ ನಡೆಸುವ ಮುದಕಪ್ಪ ಸೈಕಲ್ ಮೇಲೆ ಬಂದ. ಗಿರಣಿಯ ಎಂಜಿನ್ ಬಲ್ಲವನಿಗೆ ಜಗತ್ತಿನ ಎಲ್ಲ ಎಂಜಿನ್ನೂ ಗೊತ್ತು ಎಂಬುದು ಅವನ ನಂಬಿಕೆ.

"ಸರೀರಿ ಮಾಸ್ತರ್ರ. ಮೊದ್ಲ ಪೆಟ್ರೋಲ್ ಐತೇನ್ ನೋಡೂಣು." ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ, ಮುಚ್ಚಿದ. "ಐತಿ. ಹಂಗಾರ ಇದು ಕೀಲಿ ಹಾಕೂ ಸ್ವಿಚ್ಚಿಂದ ತಕರಾರು. ಕರೆಂಟ್ ನುಂಗಾಕತ್ತೈತಿ."

ಹೇಳಿದವನೇ ಸ್ವಿಚ್ಚಿನ ಎರಡು ವೈರುಗಳನ್ನು ಕಿತ್ತು, ಹಲ್ಲಿನಿಂದ ಸುಲಿದು, ಒಂದಕ್ಕೊಂದು ಹೆಣೆದುಬಿಟ್ಟ. ಮಾಸ್ತರರು ಕಿಕ್ ಹೊಡೆದರು. ಒಂದೇ ಏಟಿಗೆ ಗಾಡಿ ಗುಡುಗಿತು.

"ಹೆಂಗ!" ಅಂದ ಮುದಕಪ್ಪ.

ಮಾಸ್ತರರು ಕೈಮುಗಿದು ಹೊರಟರು. ಮೂರು ಮೈಲಿ ಹೋಗುವುದರೊಳಗೆ ಮತ್ತೆ ಕೆಮ್ಮು, ಮತ್ತೆ ಬಿಕ್ಕು, ಮತ್ತೆ ಮೌನ.

ಅಲ್ಲಿ ಹೊಲದ ಬದುವಿನಲ್ಲಿ ಬುತ್ತಿ ಉಣ್ಣುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್ ಬೀರಲಿಂಗಪ್ಪ ಕೈ ತೊಳೆದುಕೊಂಡು ಎದ್ದು ಬಂದ. ಹಿಂದಿನ ಗಾಲಿ ಮುಟ್ಟಿ ನೋಡಿದ.

"ಅಯ್ಯ, ಸುಡಾಕತ್ತೈತ್ರೀ! ಬ್ರೇಕ್ ಕಚ್ಚಿ ಹಿಡದೈತಿ. ಕುತ್ತಿಗಿ ಹಿಚುಕಿದ್ರ ಎತ್ತ್ ನಡೀತೈತೇನ್ರಿ?"

ಮುಂದಿನದು, ಹಿಂದಿನದು ಎರಡೂ ಬ್ರೇಕಿನ ನಟ್ಟುಗಳನ್ನು ಮನಸಾರೆ ಸಡಿಲಿಸಿದ. ಮುಚ್ಚಳ ತೆಗೆದು, ಟ್ಯಾಂಕಿಗೆ ಕಿವಿಯಿಟ್ಟು ಗಾಡಿ ಅಲ್ಲಾಡಿಸಿ, ತೃಪ್ತಿಯಿಂದ ಮುಚ್ಚಿದ. "ಈಗ ಹೊಡೀರಿ." ಗಾಡಿ ಹೂವಿನ ಹಾಗೆ ಹೊರಟಿತು.

ಹೀಗೆ ಇನ್ನೂ ಆರು ಸಲ ನಿಂತಿತು. ಬ್ರೇಕ್ ಒತ್ತುವ ಪ್ರಸಂಗವೇ ಮಾಸ್ತರರಿಗೆ ಬರಲಿಲ್ಲ; ಗಾಡಿ ತಾನೇ ನಿಲ್ಲುತ್ತಿತ್ತಲ್ಲ. ಅಣ್ಣಿಗೇರಿ ತಲುಪಿದಾಗ ನಾಲ್ಕು ಹೊಡೆದಿತ್ತು. ರಸ್ತೆ ಪಕ್ಕದ ಬೇವಿನ ಗಿಡದ ಕೆಳಗೆ ಪಂಪು, ಫಟಫಟಿ ರಿಪೇರಿ ಮಾಡುವ ಮುದುಕ ಇಮಾಮುದ್ದೀನನ ಮುಂದೆ ಅಳುವುದೊಂದೇ ಬಾಕಿ.

ಇಮಾಮುದ್ದೀನ ನಟ್ಟು ಬಿಚ್ಚುವ ಪಾನಾಕ್ಕೆ ಕೈ ಹಾಕಲಿಲ್ಲ. ಬೀಡಿ ಹಚ್ಚಿದ.

"ಮಾಸ್ತರ್ ಸಾಬ್, ಪ್ರತಿಸಲ ನಿಂತಾಗ ಯಾರ್ ಏನ್ ಮಾಡಿದ್ರು ಹೇಳ್ರಿ."

"ಒಬ್ಬಾಂವ ವೈರ್ ಜೋಡಿಸಿದ, ಒಬ್ಬಾಂವ ಬ್ರೇಕ್ ಸಡ್ಲ ಮಾಡಿದ, ಮತ್ತೊಬ್ಬಾಂವ ಪ್ಲಗ್ ತಿಕ್ಕಿದ, ಇನ್ನೊಬ್ಬಾಂವ ಬರೇ ಬೈದ. ಎಲ್ಲಾರು ಮಾಡಿದ ಮ್ಯಾಲೂ ಚಾಲೂ ಆತು!"

"ಎಲ್ಲಾರೂ ಕೂಡಿ ಮಾಡಿದ್ದು ಏನರ ಐತೇನು?"

ಮಾಸ್ತರರು ಯೋಚಿಸಿದರು. "ಪೆಟ್ರೋಲ್ ಐತೋ ಇಲ್ಲೋ ಅಂತ ಮುಚ್ಚಳ ತಗದು ನೋಡಿದ್ರು."

ಇಮಾಮುದ್ದೀನ ನಕ್ಕು ಮುಚ್ಚಳ ಬಿಚ್ಚಿದ. ಒಳಗೆ 'ಹುಸ್' ಎಂದು ಗಾಳಿ ನುಗ್ಗಿತು. ಮುಚ್ಚಳದ ಮೇಲಿನ ಸೂಜಿಮೊನೆಯಷ್ಟು ತೂತಿನಲ್ಲಿ ಕುಂಕುಮ, ವಿಭೂತಿ ಕೂಡಿ ಗಾರೆಯ ಹಾಗೆ ಗಟ್ಟಿಯಾಗಿದ್ದವು.

"ಮನ್ಯಾಗ ಪೂಜಿ ಜೋರ್ ಮಾಡ್ಯಾರ. ತೂತು ಮುಚ್ಚಿದ್ರ ಟ್ಯಾಂಕಿಗೆ ಗಾಳಿ ಬರೂದಿಲ್ಲ, ಗಾಳಿ ಬರದಿದ್ರ ಪೆಟ್ರೋಲ್ ಕೆಳಗ ಇಳಿಯೂದಿಲ್ಲ. ಮುಚ್ಚಳ ತಗದ್ರ ಇಳೀತೈತಿ. ಇಷ್ಟರಿ." ಸೂಜಿಯಿಂದ ಚುಚ್ಚಿ, ಊದಿ, ಮತ್ತೆ ಕೂರಿಸಿದ. "ರೇಸೂ ಒಂಚೂರ್ ಏರಿಸೇನಿ, ಹಿಡಿಕಿ ಬಿಟ್ರೂ ಎಂಜಿನ್ ಆರಂಗಿಲ್ಲ. ಇನ್ನ ಇದು ಎಲ್ಲೂ ನಿಂದ್ರಂಗಿಲ್ಲ!"

ಅವನ ಮಾತು ಅಕ್ಷರಶಃ ನಿಜವಾಯಿತು.

ಶಾಲೆ ಕಂಡಾಗ ನಾಲ್ಕೂವರೆ. ಗೇಟಿನಲ್ಲೇ ಹೆಡ್ ಮಾಸ್ತರ ಶಂಕ್ರಪ್ಪನವರು ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ದಾರಿ ಕಾಯುತ್ತಿದ್ದರು. ಕುಬೇರಪ್ಪ ಮಾಸ್ತರರು ಎರಡನೆಯ ಗೇರಿಗೆ ಇಳಿಸಿ ಗತ್ತಿನಿಂದ ಬ್ರೇಕ್ ಒತ್ತಿದರು. ಪೆಡಲು ಹಣ್ಣಾದ ಪೇರಲಕ್ಕೆ ಕಾಲಿಟ್ಟ ಹಾಗೆ ಮೆತ್ತಗೆ ನೆಲ ಮುಟ್ಟಿತು. ಕ್ಲಚ್ ಹಿಡಿದು ಜಗ್ಗಿದರು. ಗಾಬರಿಯ ಬಲಕ್ಕೆ ತಂತಿ 'ಟಣ್' ಎಂದು ಹರಿಯಿತು. ಗೇರು ಕಾಲಿಗೆ ಬಗ್ಗಲಿಲ್ಲ. ಕೀಲಿಯನ್ನೇ ಕಿತ್ತರು. ಕೀಲಿ ಕೈಯಲ್ಲಿತ್ತು, ಎಂಜಿನ್ ಮಾತ್ರ ಹಾಡುತ್ತಲೇ ಇತ್ತು.

ಗಾಡಿ ಎತ್ತಿನ ಬಂಡಿಗಿಂತ ಚುರುಕಾಗಿ, ಸೈಕಲ್ಲಿಗಿಂತ ನಿಧಾನವಾಗಿ, ಹೆಡ್ ಮಾಸ್ತರರ ಮೂಗಿನ ಮುಂದೆ ಹಾದುಹೋಯಿತು.

"ಸರ್! ನಿಂದ್ರೂದಿಲ್ರೀ!" ಎಂದು ಕೂಗಿ ಮಾಸ್ತರರು ಕೈಯೆತ್ತಿದರು.

ಹೆಡ್ ಮಾಸ್ತರರು ದಂಗಾದರು. "ಯಾಕ್ರಿ? ಬಂದು ನೋಡೂದರೊಳಗ ನಿಂದ್ರೂದಿಲ್ಲಂದ್ರ ಹೆಂಗ?"

ಶಾಲೆಯ ಎದುರಿನ ಕೆರೆ ಸುತ್ತುವ ದಾರಿ ಮಾಸ್ತರರನ್ನು ತಿರುಗಿಸಿ ಮತ್ತೆ ಅಲ್ಲಿಗೇ ತಂದಿತು. ಈಗ ಗೇಟಿನ ತುಂಬ ಜನ.

"ನನ್ ಕೈಯಾಗಿಲ್ರೀ ಸರ್!"

"ಯಾರ್ ಕೈಯಾಗೈತಿ ಹೇಳ್ರಿ, ಮಾತಾಡೂಣು!" ಎಂದು ಹೆಡ್ ಮಾಸ್ತರರು ಪುಸ್ತಕ ಬಿಚ್ಚಿ ಹಿಡಿದು ಹತ್ತು ಹೆಜ್ಜೆ ಜೊತೆಗೇ ಓಡಿದರು. "ಒಂದ್ ಸಹಿ ಮಾಡ್ರಿ, ಆಮ್ಯಾಲ ಎಲ್ಲಿಗರ ಹೋಗ್ರಿ!"

ಸಹಿ ಮಾಡಲು ಹ್ಯಾಂಡಲ್ ಬಿಟ್ಟರೆ ಕೆರೆಯೇ ಗತಿ. ಮೂರನೆಯ ಸುತ್ತಿನಲ್ಲಿ ಮಾಸ್ತರರು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಹಾಗೇ ಹಾದುಹೋದರು. ಹೆಡ್ ಮಾಸ್ತರರು ಪುಸ್ತಕ ಮುಚ್ಚಿದರು. ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದರು.

ಪೆಟ್ರೋಲ್ ಬರುವ ನಲ್ಲಿಯನ್ನು ತಿರುಗಿಸಿ ಮುಚ್ಚಬಹುದೆಂದು ಮಾಸ್ತರರಿಗೆ ಹೊಳೆದದ್ದು ಆಮೇಲೆ. ತಿರುಗಿಸಿದರು. ಕಾರ್ಬೋರೇಟರಿನಲ್ಲಿ ಉಳಿದದ್ದನ್ನು ಕುಡಿದು ಮುಗಿಸಿ ಗಾಡಿ ಅರ್ಧ ಮೈಲಿ ಆಚೆ ಶೇಂಗಾ ಹೊಲದಲ್ಲಿ ಮಲಗಿತು. ಕೆಸರು ಮೆತ್ತಿದ ಧೋತರದಲ್ಲಿ ಅದನ್ನು ನೂಕಿಕೊಂಡು ಶಾಲೆಗೆ ಬಂದಾಗ ಐದು ದಾಟಿ ಐದು ನಿಮಿಷ.

ಹೆಡ್ ಮಾಸ್ತರರು ಕಾರ್ಬನ್ ಪ್ರತಿಯೊಂದನ್ನು ಮುಂದಿಟ್ಟರು:

'ಸದರಿ ಶಿಕ್ಷಕರು ಈ ದಿನ ಶಾಲೆಯ ಮುಂದೆ ಮೂರು ಬಾರಿ ಕಾಣಿಸಿಕೊಂಡರೂ ಸಹಿ ಮಾಡಲು ಒಪ್ಪದೆ, ನಿಲ್ಲುವುದಿಲ್ಲವೆಂದು ಸಾರ್ವಜನಿಕರ ಸಮಕ್ಷಮ ಕೂಗಿ ಹೇಳಿ, ಕೈಬೀಸಿ ಹೋಗಿರುತ್ತಾರೆ.'

ಮಾಸ್ತರರು ಕುಸಿದು ಕುಳಿತು, ನಡೆದದ್ದೆಲ್ಲ ಹೇಳಿದರು. ಹೆಡ್ ಮಾಸ್ತರರು ಹಣೆ ಚಚ್ಚಿಕೊಂಡರು.

"ಅಯ್ಯೋ ಶಿವನ! ಮೊದ್ಲ ಹೇಳೂದಲ್ಲೇನ್ರಿ? ಅಸಲ್ ಕಾಗದ ಶಿಕ್ಷಣ ಖಾತೆ ಕಚೇರಿಗೆ ತಗೊಂಡು ಜವಾನ ಐದರ ಬಸ್ಸಿಗೆ ಹೋದ. ಬಸ್ಸು ಅಣ್ಣಿಗೇರ್ಯಾಗ ಅರ್ಧಾ ತಾಸು ನಿಂದ್ರತೈತಿ. ಹೋಗಿ ಹಿಡೀರಿ, ಕಾಗದ ಹರದು ಒಗ್ಯೂಣು. ಹೆಂಗೂ ಫಟಫಟಿ ಐತಲ್ಲ!"

ಕುಬೇರಪ್ಪ ಮಾಸ್ತರರು ಫಟಫಟಿಯನ್ನೊಮ್ಮೆ ನೋಡಿದರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಧೋತರ ಎತ್ತಿ ಕಟ್ಟಿ, ರಸ್ತೆಗಿಳಿದು ಓಡತೊಡಗಿದರು.

ಅವರು ತಿರುವಿನಲ್ಲಿ ಮರೆಯಾಗುವವರೆಗೆ ಹೆಡ್ ಮಾಸ್ತರರು ಕಿಟಕಿಯಿಂದ ನೋಡಿದರು. ದಾಖಲೆ ದಾಖಲೆಯೇ. ಕಾರ್ಬನ್ ಪ್ರತಿಯನ್ನು ಎಳೆದುಕೊಂಡು 'ಮೂರು' ಎಂಬುದನ್ನು ಹೊಡೆದುಹಾಕಿ 'ನಾಲ್ಕು' ಎಂದು ಬರೆದರು. ಒಂದು ಗಳಿಗೆ ಯೋಚಿಸಿ, ಕೆಳಗೆ ಸೇರಿಸಿದರು: 'ಕೊನೆಯ ಬಾರಿ ಬರಿಗಾಲಿನಲ್ಲಿ.'