ಟ್ರೌಟ್ ಮೇಷ್ಟ್ರ ಪಾಡು

ಹೊಳೆಯೂ ಇಲ್ಲದ, ಸಮುದ್ರವೂ ಇಲ್ಲದ ಬ್ಯಾಡರಹಳ್ಳಿಯಲ್ಲಿ ಕೂತು ಟ್ರೌಟ್ ಮೀನಿನ ಜಾತಿ ವಿಂಗಡಿಸುವವನಿಗೆ ಫಜೀತಿಗಳು ವಿಳಾಸ ಹುಡುಕಿಕೊಂಡು ಬರುತ್ತವೆ. ನಾನು ಕೆಂಗೇರಿ ಪಕ್ಕದ ಉಲ್ಲಾಳದ ಹತ್ತಿರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಹಿಮಾಚಲದ ತಣ್ಣನೆಯ ತೊರೆಗಳಲ್ಲಿ ಬೆಳೆಯುವ ಈ ಮೀನಿನ ಮೇಲೆ ಪಿಎಚ್.ಡಿ. ಮಾಡಿದ್ದೇನೆ. ನೆಂಟರಿಗೆ ಹೇಳಿದರೆ, "ಹೌದಾ? ಫ್ರೈ ಚೆನ್ನಾಗಿರುತ್ತೋ, ಸಾರೋ?" ಅಂತಾರೆ.

ಸಮುದ್ರಕ್ಕೆ ಹೋದವನು

ಒಮ್ಮೆ ಕ್ಲಾಸಿನಲ್ಲಿ ರೇನ್‌ಬೋ ಟ್ರೌಟ್ ಪಾಠ. "ಕೆಲವು ಹುಟ್ಟಿದ ಹೊಳೆಯಲ್ಲೇ ಇದ್ದುಬಿಡ್ತವೆ. ಕೆಲವು ಸಮುದ್ರಕ್ಕೆ ಹೋಗಿ ದಪ್ಪಗಾಗ್ತವೆ, ಬೆಳ್ಳಿ ಥರ ಹೊಳೀತವೆ. ಅವಕ್ಕೆ ಸ್ಟೀಲ್‌ಹೆಡ್ ಅಂತ ಹೆಸರು. ನೋಡೋಕೆ ಬೇರೆ, ಜಾತಿ ಒಂದೇ. ಮೊಟ್ಟೆ ಇಡೋಕೆ ವಾಪಸ್ ಬರ್ತವೆ" ಅಂದೆ.

ಗದಗಿನ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸರ್, ಹಂಗಾದ್ರ ನಮ್ಮಣ್ಣನೂ ಸ್ಟೀಲ್‌ಹೆಡ್ಡ ರೀ. ಕೆಂಗೇರಿಗೆ ಬಂದು ದಪ್ಪಗ, ಬೆಳ್ಳಗ ಆಗ್ಯಾನ. ದೀಪಾವಳಿಗೆ ಊರಿಗೆ ಹೋದ್ರ ನಮ್ಮವ್ವ ಬಾಗಿಲದಾಗ ನಿಲ್ಲಿಸಿ, 'ಯಾರು ಬೇಕಾಗಿತ್ರೀ?' ಅಂದ್ಳು."

ಬಾಲದ ಪ್ರಶ್ನೆ

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಬಲು ಗಂಭೀರ. ಔಷಧಿ ನೀರಿನ ಬಾಟಲಿಯಲ್ಲಿದ್ದ ಮೀನು ತೋರಿಸಿ, ಎದುರು ನಿಂತಿದ್ದ ಹುಡುಗಿಯನ್ನು ಕೇಳಿದರು: "ರೇನ್‌ಬೋ ಟ್ರೌಟೋ, ಬ್ರೌನ್ ಟ್ರೌಟೋ? ಹೇಗೆ ಗುರುತಿಸ್ತೀಯಮ್ಮ?"

"ಬಾಲದ ತುಂಬ ಚುಕ್ಕೆ ಇದ್ರೆ ರೇನ್‌ಬೋ ಸಾರ್, ಇಲ್ದಿದ್ರೆ ಬ್ರೌನ್."

"ಸರಿ, ಇದು ಯಾವುದು?"

ಅವಳು ಬಾಟಲಿ ತಿರುಗಿಸಿ ತಿರುಗಿಸಿ ನೋಡಿದಳು. ವರ್ಷಾನುಗಟ್ಟಲೆ ಎಲ್ಲರ ಕೈಗೆ ಸಿಕ್ಕಿ ಬಣ್ಣ ಹೋಗಿತ್ತು, ಬಾಲವೂ ಮುರಿದು ಹೋಗಿತ್ತು. ನಾನು ಕಿಟಕಿಯಾಚೆ ನೋಡಿದೆ.

ಹುಡುಗಿ ಮೆಲ್ಲಗೆ ಅಂದಳು: "ದಿವಂಗತ ಟ್ರೌಟ್ ಸಾರ್."

ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಪಾಸು ಮಾಡಿದರು.

ಅಜ್ಜಿಯ ಹರಕೆ

ನಮ್ಮ ಮನೆ ಓನರ್ ಅಜ್ಜಿ ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಬಾಡಿಗೆದಾರರ ಕಷ್ಟವೆಲ್ಲ ಅವರದೇ.

ಒಂದು ಸಂಜೆ ನಾನು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಮಿಶ್ರತಳಿಯ ಟೈಗರ್ ಟ್ರೌಟ್ ಬಗ್ಗೆ ಗೆಳೆಯನಿಗೆ ವಿವರಿಸುತ್ತಿದ್ದೆ. "ಹೆಣ್ಣು ಒಂದು ಜಾತಿ, ಗಂಡು ಇನ್ನೊಂದು ಜಾತಿ. ಹುಟ್ಟಿದ್ದು ನೋಡೋಕೆ ಲಕ್ಷಣವಾಗಿದೆ, ಮೈಕಟ್ಟೂ ಚೆನ್ನಾಗಿದೆ. ಆದ್ರೆ ಸಂತಾನ ಆಗಲ್ಲ ಕಣೋ. ಯಾವ ಡಾಕ್ಟರೂ ಏನೂ ಮಾಡಕ್ಕಾಗಲ್ಲ."

ಮಾರನೇ ದಿನ ಅಜ್ಜಿ ಕುಂಕುಮ, ಹೂವು ಹಿಡಿದು ಬಂದರು. ಕಣ್ಣು ಒದ್ದೆ. "ಮೇಷ್ಟ್ರೇ, ಕೇಳಿಸ್ಕೊಂಡೆ, ತಪ್ಪು ತಿಳ್ಕೋಬೇಡಿ. ಜಾತಿ ಬಿಟ್ಟಾಕಿ, ಈ ಕಾಲದಲ್ಲಿ ಯಾರು ನೋಡ್ತಾರೆ? ಆ ಮಗೀಗೆ ಮಕ್ಕಳಾಗ್ಲಿ ಅಂತ ನಮ್ಮನೆದೇವ್ರಿಗೆ ಹರಕೆ ಹೊತ್ತಿದೀನಿ. ಆದ್ರೆ ಈ ಮಂಡಿನೋವಲ್ಲೇ ಬೆಟ್ಟ ಹತ್ತುತ್ತೀನಿ ಅಂದಿದೀನಿ."

ನಾನು ಕೈ ಮುಗಿದೆ. "ಅಜ್ಜಿ, ಅದು... ಮೀನು."

"ಮೀನಾ?"

"ಹೂಂ. ಹೆದರ್ಬೇಡಿ, ನೀವೇನೂ ಬೆಟ್ಟ ಹತ್ತಬೇಕಾಗಿಲ್ಲ. ಅದಕ್ಕೆ ಮರಿ ಆಗೋದೇ ಇಲ್ಲ ಅಂತ ವಿಜ್ಞಾನ ಹೇಳುತ್ತೆ."

ಅಜ್ಜಿ ಮಂಡಿ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಅಯ್ಯೋ, ನಿಮ್ ವಿಜ್ಞಾನಕ್ಕೇನ್ ಗೊತ್ತು ಮೇಷ್ಟ್ರೇ! ನಮ್ಮ ದೇವ್ರು ಇವತ್ತಿನವರೆಗೂ ಒಂದು ಹರಕೇನೂ ನಡೆಸ್ಕೊಡ್ದೆ ಬಿಟ್ಟಿಲ್ಲ!"