ಎರಡು ಎತ್ತು, ಒಂದು ಕಾಲು

ಕರುಣೆ ಎನ್ನುವುದು ನನ್ನಂಥವನ ಕೈಗೆ ಸಿಗಬಾರದು. ಸಿಕ್ಕರೆ ಅದರಿಂದ ಕೆಲಸ ಮಾಡುವುದು ಬಿಟ್ಟು ಭಾಷಣ ಮಾಡುತ್ತೇನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಾಲು ಮುರಿದು ಮಲಗಿದ್ದ ಮನುಷ್ಯನ ಆಪರೇಷನ್ನಿಗೆಂದು ಪಟ್ಟಿ ಎತ್ತಲು, ಅಂದರೆ ಚಂದಾ ಕೂಡಿಸಲು, ಬಂದವರ ಮುಂದೆ, ಆ ಕಾಲು ವಾಸಿಯಾಗದಿದ್ದರೇ ಲೋಕಕ್ಕೆ ಒಳ್ಳೆಯದು ಎಂದು ವಾದಿಸಿದ ಮಹಾಪುರುಷ ನಾನೇ.

ಜಮಖಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗದಲ್ಲಿ, ನನ್ನ ನೌಕರಿ. ಹಂಗಾಮು ಶುರುವಾದರೆ ಕಿಟಕಿಯ ಮುಂದೆ ಟ್ರ್ಯಾಕ್ಟರುಗಳ ನಡುವೆ ಎತ್ತಿನ ಗಾಡಿಗಳೂ ಸಾಲುಗಟ್ಟುತ್ತವೆ. ಮನೆಯಷ್ಟೆತ್ತರ ಕಬ್ಬು, ಅದರ ಮುಂದೆ ಎರಡು ಎತ್ತು, ನೊಗ ಉಜ್ಜಿ ಕೆಂಪಾದ ಹೆಗಲು, ಬಾಯಲ್ಲಿ ನೊರೆ. ನೋಡಿದರೆ ಕರುಳು ಚುರ್ ಎನ್ನುತ್ತದೆ. ಇದು ಖರೆ, ತಮಾಷೆಯಲ್ಲ. ಆದರೆ ಕರುಳು ಚುರ್ ಎಂದಾಗಲೆಲ್ಲ ನನ್ನ ಬಾಯಿಯೂ ತೆರೆದುಕೊಳ್ಳುತ್ತದೆ. ಕಂಡವರನ್ನೆಲ್ಲ ಅಣಕಿಸುವುದು ನನ್ನ ಹುಟ್ಟುಗುಣ. ನಮ್ಮ ಸಾಹೇಬರು ಮೂರು ಸಲ ಕೆಮ್ಮಿ ಮಾತು ಶುರುಮಾಡುವುದು, ಸಾವಳಗಿ ಬಸ್ಸಿನ ಕಂಡಕ್ಟರ್ ಊರ ಹೆಸರನ್ನು ಮೂಗಿನಿಂದ ಕೂಗುವುದು, ಪಗಾರ ಹೆಚ್ಚಿಸಿ ಎಂದು ಕೇಳಲು ಹೋಗಿ ಬರೀ ನಮಸ್ಕಾರ ಹೇಳಿ ಬರುವ ನಾನು, ಎಲ್ಲವೂ ಬರುತ್ತದೆ. ಇನ್ನು ತರ್ಕ ಬಂದದ್ದು ಅವ್ವನಿಂದ. ಆಕೆ ನನ್ನ ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ ಇರುವೆ ಗೂಡಿಗೆ ಹಾಕುತ್ತಾಳೆ. ಕೇಳಿದರೆ, ಇರುವೆ ಎದುರು ಮಾತಾಡುವುದಿಲ್ಲ ಎನ್ನುತ್ತಾಳೆ.

ಹಿಪ್ಪರಗಿಯ ಮಲ್ಲಪ್ಪನ ಕಾಲ ಮೇಲೆ ಅವನದೇ ಕಬ್ಬಿನ ಗಾಡಿಯ ಗಾಲಿ ಹಾಯಿತು. ಒಳಗೆ ರಾಡ್ ಹಾಕಿಸದಿದ್ದರೆ ಮತ್ತೆ ನಡೆಯಲಾರ ಎಂದರಂತೆ ಡಾಕ್ಟರು. ಹಿರಿಯ ಗಾಡಿಯವರಾದ ಬಸಪ್ಪ ಕಾಕಾ ಪಟ್ಟಿ ಎತ್ತುತ್ತ, ಮಲ್ಲಪ್ಪನ ಹೆಂಡತಿ ನೀಲವ್ವನನ್ನೂ ಕರೆದುಕೊಂಡು ಕಾಟಾಕ್ಕೆ ಬಂದರು.

ಚಹಾದ ಹೊತ್ತು, ಕೇಳಲು ಜನರಿದ್ದರು. ಅದೇ ನನ್ನ ದುರ್ದೈವ. ಸಾಹೇಬರ ಹಾಗೆ ಮೂರು ಸಲ ಕೆಮ್ಮಿ ವಾದ ಮಂಡಿಸಿದೆ. ಈ ಕಾಲು ನೆಟ್ಟಗಾದರೆ ಏನಾಗುತ್ತದೆ? ಮಲ್ಲಪ್ಪ ಮತ್ತೆ ಗಾಡಿ ಹೂಡುತ್ತಾನೆ, ಎತ್ತುಗಳ ಹೆಗಲು ಮತ್ತೆ ಕಿತ್ತುಹೋಗುತ್ತದೆ. ಒಂದು ಕಾಲು ಉಳಿಸಲು ಹೋಗಿ ಎಂಟು ಕಾಲಿಗೆ ಶಿಕ್ಷೆ. ಅದರ ಬದಲು ನನ್ನ ಪಾಲನ್ನು ಮುದಿ ದನಗಳ ಮೇವಿಗೆ ಕೊಟ್ಟರೆ ಯಾರಿಗೂ ನೋವಿಲ್ಲದ ಪುಣ್ಯ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ಎತ್ತಿನ ದನಿಯಲ್ಲೂ ಒಂದು ಮನವಿ ಸಲ್ಲಿಸಿದೆ. ಟ್ರ್ಯಾಕ್ಟರ್ ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಬಸಪ್ಪ ಕಾಕಾ ಮಾತ್ರ, "ಎತ್ತಿಗೆ ತ್ರಾಸ ಐತಿ ಅನ್ನೂದು ಸುಳ್ಳಲ್ಲ ಬಿಡಲೇ," ಎಂದು ತಲೆ ತಗ್ಗಿಸಿದರು.

ಗೆದ್ದೆ ಎಂದುಕೊಂಡೆ. ಗೆದ್ದವನು ಸುಮ್ಮನಿರಬೇಕು ಎಂಬ ಬುದ್ಧಿ ಇದ್ದಿದ್ದರೆ ನಾನೇಕೆ ಕಾಟಾದಲ್ಲಿ ಕೂರುತ್ತಿದ್ದೆ? ನೀಲವ್ವನ ಕಡೆ ತಿರುಗಿ, ತಪ್ಪಿದ್ದರೆ ಹೇಳ್ರಿ ಅಕ್ಕಾರ ಎಂದೆ. ಆಕೆ ಅಳಲಿಲ್ಲ, ಸಿಟ್ಟಿಗೇಳಲೂ ಇಲ್ಲ. ಆಮೇಲೆ ನನ್ನ ಜೇಬು ಪಟ್ಟಿಗೆ ಖಾಲಿಯಾದದ್ದೂ, ಆ ಹಂಗಾಮು ಮುಗಿಯುವವರೆಗೆ ನಾನು ನನ್ನದೇ ದನಿಯಲ್ಲಿ ಮಾತಾಡಿದ್ದೂ ಆಕೆ ಮೆಲ್ಲಗೆ ಹೇಳಿದ ಈ ಮಾತಿನಿಂದ:

"ಏರಿನ್ಯಾಗ ಎತ್ತಿಗೆ ಭಾಳ ತ್ರಾಸ ಆಗಾಕತ್ತಿತ್ತಂತ ನಮ್ಮ ಮನ್ಯಾವ್ರು ಕೆಳಗಿಳದು ಗಾಲಿಗೆ ಹೆಗಲು ಕೊಟ್ರು, ತಮ್ಮಾ. ಗಾಡಿ ಹಿಂದ ಸರದು ಕಾಲ ಮ್ಯಾಲೆ ಬಂತು. ಬಾಯಿ ಒಂದು ಬಿಟ್ಟು ನೀ ಎತ್ತಿಗೆ ಏನು ಕೊಟ್ಟಿ?"